ಪ್ರೋಟಾನ್ ಕಿರಣವೂ ಅರ್ಧ ಲೀಟರು ನೀರೂ

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ 'ಟಾಟಾ' ಎಂಬ ಎರಡಕ್ಷರದ ಹೆಸರು ಅಪರಿಚಿತವೇನಲ್ಲ. 1941ರಲ್ಲಿ ಪರೇಲಿನಲ್ಲಿ ಬಾಗಿಲು ತೆರೆದ ಟಾಟಾ ಸ್ಮಾರಕ ಆಸ್ಪತ್ರೆಗೆ ಊರಿನಿಂದ ಬಂದ ನೆಂಟರನ್ನು ಕರೆದೊಯ್ಯುವುದು, ನಸುಕಿನಲ್ಲೇ ಎದ್ದು ಸಾಲಿನಲ್ಲಿ ನಿಲ್ಲುವುದು, ವೈದ್ಯರ ಮಾತನ್ನು ಹಿಂದಿಯಿಂದಲೋ ಮರಾಠಿಯಿಂದಲೋ ಕನ್ನಡಕ್ಕೆ ತಂದು ರೋಗಿಗೆ ತಿಳಿಸುವುದು, ಇವೆಲ್ಲ ಮುಂಬಯಿ ಕನ್ನಡಿಗನ ಗೃಹಕೃತ್ಯಗಳಲ್ಲಿ ಒಂದಾಗಿ ಬಹುಕಾಲದಿಂದ ನಡೆದುಬಂದಿವೆ. ಆ ಸಂಸ್ಥೆಯ ಸಂಶೋಧನ ಶಾಖೆ ಖಾರ್ಘರದ ಗುಡ್ಡದ ತಪ್ಪಲಿಗೆ ಬಂದ ಮೇಲೆ ಈ ಓಡಾಟದ ಒಂದು ಪಾಲು ಪರೇಲಿನ ಬದಲು ಖಾರ್ಘರದ ಕಡೆಗೆ ತಿರುಗಿದೆ. ಅದೇ ಆವರಣದಲ್ಲಿ ನಿರ್ಮಿತವಾದ ಪ್ರೋಟಾನ್ ಚಿಕಿತ್ಸಾ ಕೇಂದ್ರವು 2023ರ ಮೇ ತಿಂಗಳಲ್ಲಿ ರಾಷ್ಟ್ರಕ್ಕೆ ಸಮರ್ಪಿತವಾಯಿತು. ಚೆನ್ನೈಯ ಖಾಸಗಿ ಆಸ್ಪತ್ರೆಯೊಂದರಲ್ಲಿ 2019ರಿಂದಲೇ ಇಂಥ ಚಿಕಿತ್ಸೆ ದೊರೆಯುತ್ತಿತ್ತಾದರೂ, ಸರ್ಕಾರದ ಆಶ್ರಯದಲ್ಲಿ ನಡೆಯುವ ಸಂಸ್ಥೆಯೊಂದರಲ್ಲಿ, ಅದೂ ಮನೆಬಾಗಿಲಿನಷ್ಟು ಹತ್ತಿರದಲ್ಲಿ, ಅದು ಬಂದದ್ದು ಸಂತೋಷದ ವಿಷಯವೇ ಸರಿ.

ಆದರೆ ಸಂತೋಷದ ಬೆನ್ನಿಗೇ ಒಂದು ಭ್ರಮೆಯೂ ಹರಡುತ್ತಿದೆ. ಪ್ರೋಟಾನ್ ಎಂದರೆ ಬ್ರಹ್ಮಾಸ್ತ್ರ, ಬಿಟ್ಟರಾಯಿತು, ಅರ್ಬುದ ಎಲ್ಲೇ ಇರಲಿ ಹುಡುಕಿ ಕೊಂದು ಬರುತ್ತದೆ ಎಂಬ ಭಾವನೆ ಜನರಲ್ಲಿ ಬೇರೂರುತ್ತಿದೆ. ಮನೆಯ ಹೆಣ್ಣುಮಗಳಿಗೆ ಗರ್ಭಕಂಠದ ಅರ್ಬುದವೆಂದು ತಿಳಿದೊಡನೆ 'ಪ್ರೋಟಾನನ್ನೇ ಕೊಡಿಸೋಣ, ಊರಿನ ಜಮೀನು ಹೋದರೆ ಹೋಗಲಿ' ಎಂದು ಅಣ್ಣತಮ್ಮಂದಿರು ಹೊರಡುವುದು ಪ್ರೀತಿಯ ಲಕ್ಷಣವೇ ಹೌದು. ವಿವೇಕದ ಲಕ್ಷಣ ಹೌದೇ ಎಂಬುದನ್ನು ವಿಚಾರ ಮಾಡಬೇಕಾಗಿದೆ.

ಮೊದಲು ಕಿರಣದ ಗುಣವನ್ನು ತಿಳಿಯುವುದು ಅಗತ್ಯ. ಸಾಮಾನ್ಯ ವಿಕಿರಣ ಚಿಕಿತ್ಸೆಯಲ್ಲಿ ಬಳಸುವ ಎಕ್ಸ್ ಕಿರಣವು ದೇಹವನ್ನು ಹೊಕ್ಕು, ದಾರಿಯುದ್ದಕ್ಕೂ ತನ್ನ ಶಕ್ತಿಯನ್ನು ಚೆಲ್ಲುತ್ತ, ಗಂತಿಯನ್ನು ದಾಟಿ ಆಚೆಯ ಬದಿಯಿಂದ ಹೊರಬೀಳುತ್ತದೆ. ಪ್ರೋಟಾನಿನ ರೀತಿಯೇ ಬೇರೆ. ಅದು ಕಲ್ಯಾಣ ಲೋಕಲಿನಂತೆ: ದಾರಿಯಲ್ಲಿ ಸ್ವಲ್ಪಸ್ವಲ್ಪವೇ ಇಳಿಸುತ್ತ ಬಂದು, ಕೊನೆಯ ನಿಲ್ದಾಣದಲ್ಲಿ ಒಮ್ಮೆಗೇ ಎಲ್ಲರನ್ನೂ ಇಳಿಸಿ ನಿಂತುಬಿಡುತ್ತದೆ; ಮುಂದಕ್ಕೆ ಹೋಗುವುದಿಲ್ಲ. ಕಣಗಳು ತಮ್ಮ ಹಾದಿಯ ಕೊನೆಯಲ್ಲಿ ಹೀಗೆ ಶಕ್ತಿಯನ್ನು ಒಟ್ಟಿಗೆ ಸುರಿಯುವುದನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಗುರುತಿಸಿದವರು ವಿಲಿಯಂ ಬ್ರ್ಯಾಗ್. ಇದನ್ನು ರೋಗಚಿಕಿತ್ಸೆಗೆ ಬಳಸಬಹುದೆಂದು 1946ರಲ್ಲಿ ಬರೆದು ಸೂಚಿಸಿದವರು ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವಿಲ್ಸನ್. ಎಂಟು ವರ್ಷಗಳ ತರುವಾಯ, 1954ರಲ್ಲಿ, ಬರ್ಕ್ಲಿಯಲ್ಲಿ ಮೊದಲ ರೋಗಿಗೆ ಈ ಚಿಕಿತ್ಸೆ ನಡೆಯಿತು. ಗಂತಿಯ ಹಿಂದೆ ಇರುವ ಅವಯವ ಕಿರಣದಿಂದ ಪಾರಾಗುತ್ತದೆ ಎಂಬುದೇ ಇದರ ಮಹಿಮೆ. ಮಕ್ಕಳ ಅರ್ಬುದ, ಮೆದುಳಿನ ಬುಡ ಮತ್ತು ಬೆನ್ನುಹುರಿಯ ಬಳಿಯ ಗಂತಿಗಳು, ಒಮ್ಮೆ ವಿಕಿರಣ ಪಡೆದ ಜಾಗದಲ್ಲೇ ಮತ್ತೆ ಮರುಕಳಿಸಿದ ರೋಗ, ಇಂಥ ಸಂದರ್ಭಗಳಲ್ಲಿ ಇದಕ್ಕೆ ಮನ್ನಣೆ ಹೆಚ್ಚು. ತಲೆಬುರುಡೆಯೊಳಗಿನ ವಸ್ತು ಇಂದು ಇದ್ದಲ್ಲೇ ನಾಳೆಯೂ ಇರುತ್ತದೆ.

ಗರ್ಭಕೋಶ ಹಾಗಲ್ಲ. ಅದು ಹೊಟ್ಟೆಯ ಕೆಳಭಾಗದಲ್ಲಿ ಮುಂದೆ ಮೂತ್ರಕೋಶ, ಹಿಂದೆ ಗುದನಾಳ, ಮೇಲೆ ಕರುಳಿನ ಸುರುಳಿಗಳು, ಇವುಗಳ ನಡುವೆ ತೂಗಾಡಿಕೊಂಡಿರುವ ಅವಯವ. ಮೂತ್ರಕೋಶ ತುಂಬಿದರೆ ಗರ್ಭಕೋಶದ ತುದಿ ಮೇಲಕ್ಕೂ ಹಿಂದಕ್ಕೂ ಸರಿಯುತ್ತದೆ; ಬರಿದಾದರೆ ಮುಂದಕ್ಕೆ ಬಾಗಿ ಕುಸಿಯುತ್ತದೆ. ಗುದನಾಳದಲ್ಲಿ ಮಲವೋ ವಾಯುವೋ ಸೇರಿದರೆ ಗರ್ಭಕಂಠವೇ ಮುಂದಕ್ಕೆ ತಳ್ಳಲ್ಪಡುತ್ತದೆ. ಈ ಚಲನೆ ಕೆಲವು ಸ್ತ್ರೀಯರಲ್ಲಿ ಕೆಲವೇ ಮಿಲಿಮೀಟರು, ಇನ್ನು ಕೆಲವರಲ್ಲಿ ಹಲವು ಸೆಂಟಿಮೀಟರು. ಯಾರಲ್ಲಿ ಎಷ್ಟು ಎಂಬುದು ನೋಡಿದಲ್ಲದೆ ತಿಳಿಯದು. ಇದರ ಜೊತೆಗೆ ಇನ್ನೊಂದು ತೊಡಕುಂಟು. ರೋಗ ಹರಡುವ ದಾರಿಯಲ್ಲಿರುವ ದುಗ್ಧಗ್ರಂಥಿಗಳು ಕಟಿಯ ಎಲುಬಿನ ಗೋಡೆಯನ್ನು ಅವಲಂಬಿಸಿಕೊಂಡಿರುವುದರಿಂದ ಹೆಚ್ಚು ಅಲುಗಾಡುವುದಿಲ್ಲ. ಅವುಗಳಿಗೂ ಕಿರಣ ಬೇಕು, ಗರ್ಭಕೋಶಕ್ಕೂ ಬೇಕು. ಒಂದು ಗುರಿ ನಿಂತಿದೆ, ಇನ್ನೊಂದು ಗುರಿ ಕದಲುತ್ತಿದೆ. ರೋಗಿ ಮಲಗಿದ ಮೇಜನ್ನು ಎಲುಬಿಗೆ ಸರಿಯಾಗಿ ಹೊಂದಿಸಿದರೆ ಗರ್ಭಕೋಶ ತಪ್ಪಬಹುದು, ಗರ್ಭಕೋಶಕ್ಕೆ ಹೊಂದಿಸಿದರೆ ಗ್ರಂಥಿಗಳು ತಪ್ಪಬಹುದು. ಅದೂ ಅಲ್ಲದೆ ಐದು ವಾರಗಳ ಚಿಕಿತ್ಸೆಯಲ್ಲಿ ಗಂತಿ ತಾನೇ ಕರಗುತ್ತ ಹೋಗುತ್ತದೆ. ಮೊದಲ ದಿನದ ಚಿತ್ರ ನಾಲ್ಕನೆಯ ವಾರಕ್ಕೆ ಹಳೆಯದಾಗಿಬಿಡುತ್ತದೆ.

ಎಕ್ಸ್ ಕಿರಣಕ್ಕೆ ಈ ಚಲನೆ ತೊಂದರೆ. ಪ್ರೋಟಾನಿಗೆ ಇಮ್ಮಡಿ ತೊಂದರೆ. ಯಾಕೆಂದರೆ ಪ್ರೋಟಾನು ಎಲ್ಲಿ ನಿಲ್ಲಬೇಕೆಂಬುದನ್ನು ದಾರಿಯಲ್ಲಿ ಸಿಗುವ ವಸ್ತುವಿನ ಸಾಂದ್ರತೆಯನ್ನು ಲೆಕ್ಕ ಹಾಕಿ ನಿಶ್ಚಯಿಸಿರುತ್ತಾರೆ. ಒಂದು ಸೆಂಟಿಮೀಟರು ಮಾಂಸವಿದ್ದ ಜಾಗದಲ್ಲಿ ಅಂದು ಕರುಳಿನ ಒಂದು ಗಾಳಿಗುಳ್ಳೆ ಬಂದು ಕುಳಿತರೆ, ಕಿರಣವು ಹೆಚ್ಚುಕಡಮೆ ಅಷ್ಟೇ ದೂರ ಮುಂದಕ್ಕೆ ಹೋಗಿ ನಿಲ್ಲುತ್ತದೆ. ಗಂತಿಗೆ ಬೀಳಬೇಕಾದ ಪೆಟ್ಟು ಅದರ ಹಿಂದಿನ ಕರುಳಿಗೆ ಬೀಳಬಹುದು. ಇಂದಿನ ಯಂತ್ರಗಳಲ್ಲಿ ಕಿರಣವು ಪೆನ್ಸಿಲಿನ ಮೊನೆಯಂತೆ ತೆಳ್ಳಗಾಗಿ, ಚುಕ್ಕಿ ಚುಕ್ಕಿಯಾಗಿ, ಪದರ ಪದರವಾಗಿ ಗಂತಿಯನ್ನು ತುಂಬುತ್ತ ಹೋಗುತ್ತದೆ. ಹೀಗೆ ರಂಗೋಲಿ ಇಡುತ್ತಿರುವಾಗಲೇ ನೆಲ ಸರಿದರೆ ಎಳೆ ಎಲ್ಲೋ ಸೇರುತ್ತದೆ. ಯಾವ ಗುಣಕ್ಕಾಗಿ ಪ್ರೋಟಾನನ್ನು ಹೊಗಳುತ್ತೇವೆಯೋ, ಕರಾರುವಾಕ್ಕಾಗಿ ನಿಲ್ಲುವ ಆ ಗುಣವೇ ಕದಲುವ ಅವಯವದ ಮುಂದೆ ಅದರ ದೌರ್ಬಲ್ಯವಾಗಿ ಪರಿಣಮಿಸುತ್ತದೆ. ಲೋಕಲು ಕೊನೆಯ ನಿಲ್ದಾಣದಲ್ಲಿ ಸರಿಯಾಗಿಯೇ ನಿಂತಿತು, ಆದರೆ ನಿಲ್ದಾಣವೇ ಆ ದಿನ ಜಾಗ ಬದಲಿಸಿತ್ತು ಎಂದರೆ ಪ್ರಯಾಣಿಕರ ಗತಿ ಏನು?

ಇದಕ್ಕೆ ವಿಜ್ಞಾನಿಗಳು ಕಂಡುಕೊಂಡ ಉಪಾಯವೇ ದೇಹಸ್ಥಿತಿಗೆ ಹೊಂದಿಸಿಕೊಂಡು ನಡೆಸುವ ಚಿಕಿತ್ಸೆ. ಒಂದೇ ಯೋಜನೆಯನ್ನು ಇಪ್ಪತ್ತೈದು ದಿನವೂ ಕಣ್ಣುಮುಚ್ಚಿ ನಡೆಸುವ ಬದಲು, ದಿನದಿನದ ಸ್ಥಿತಿಯನ್ನು ನೋಡಿ ಯೋಜನೆಯನ್ನು ಬದಲಿಸುವುದು. ಹಾಲೆಂಡಿನ ರಾಟರ್‌ಡ್ಯಾಮಿನ ಇರಾಸ್ಮಸ್ ಆಸ್ಪತ್ರೆಯವರು ಎಕ್ಸ್ ಕಿರಣದ ಚಿಕಿತ್ಸೆಯಲ್ಲಿ 2011ರಿಂದ ಅನುಸರಿಸಿದ ಕ್ರಮ ಇಲ್ಲಿ ಉಲ್ಲೇಖಾರ್ಹ. ಮೂತ್ರಕೋಶ ತುಂಬಿದ್ದಾಗ ಒಂದು, ಬರಿದಾಗಿದ್ದಾಗ ಒಂದು, ಹೀಗೆ ಚಿಕಿತ್ಸೆಗೆ ಮೊದಲೇ ಸಿ.ಟಿ. ಚಿತ್ರಗಳನ್ನು ತೆಗೆದು, ಆ ಸ್ತ್ರೀಯ ಗರ್ಭಕೋಶ ಎಷ್ಟು ಅಲುಗಾಡುವ ಸ್ವಭಾವದ್ದು ಎಂಬುದನ್ನು ಅಳೆಯುತ್ತಾರೆ. ಹೆಚ್ಚು ಅಲುಗಾಡುವುದಾದರೆ ಬೇರೆಬೇರೆ ಸ್ಥಿತಿಗೆ ಬೇರೆಬೇರೆ ಯೋಜನೆಗಳನ್ನು ಸಿದ್ಧಪಡಿಸಿಟ್ಟು, ಪ್ರತಿದಿನ ಮೇಜಿನ ಮೇಲೆ ಮಲಗಿಸಿದಾಗ ಹೊಸ ಚಿತ್ರ ತೆಗೆದು, ಅಂದಿಗೆ ಒಪ್ಪುವ ಯೋಜನೆಯನ್ನು ಆರಿಸುತ್ತಾರೆ. ಸೀರೆಗೆ ಒಪ್ಪುವ ರವಿಕೆಯನ್ನು ಪೆಟ್ಟಿಗೆಯಿಂದ ಆರಿಸಿಕೊಂಡಂತೆ ಎನ್ನಬಹುದು. ಇದೇ ಕ್ರಮವನ್ನು ಪ್ರೋಟಾನಿಗೆ ಅಳವಡಿಸಿ ಗರ್ಭಕಂಠದ ಅರ್ಬುದಕ್ಕೆ ಪ್ರಯೋಗಿಸುವ ಅಧ್ಯಯನವೊಂದನ್ನು ಲೈಡನ್, ರಾಟರ್‌ಡ್ಯಾಮ್, ಡೆಲ್ಫ್ಟ್ ನಗರಗಳ ಸಂಸ್ಥೆಗಳು ಕೂಡಿ ಕೈಗೊಂಡವು. ಅದರ ರೂಪುರೇಷೆ 2021ರಲ್ಲಿ ಪ್ರಕಟವಾಯಿತು. ಕರುಳಿಗೂ ಎಲುಬಿನ ಮಜ್ಜೆಗೂ ಬೀಳುವ ವಿಕಿರಣವನ್ನು ಕಡಮೆ ಮಾಡುವುದು ಅವರ ಆಶಯ. ಮಜ್ಜೆ ಉಳಿದರೆ ರಕ್ತಕಣಗಳು ಉಳಿಯುತ್ತವೆ, ಜೊತೆಗೆ ಕೊಡುವ ಔಷಧವನ್ನು ಅರ್ಧಕ್ಕೆ ನಿಲ್ಲಿಸುವ ಪ್ರಸಂಗ ಕಡಮೆಯಾಗುತ್ತದೆ. ರಕ್ತಹೀನತೆ ಮನೆಮನೆಯಲ್ಲೂ ಇರುವ ನಮ್ಮ ದೇಶದ ಹೆಣ್ಣುಮಕ್ಕಳಿಗೆ ಇದು ಸಣ್ಣ ಲಾಭವಲ್ಲ.

ಹಾಗಾದರೆ ಪ್ರೋಟಾನನ್ನು ಕೇಳಿ ಪಡೆಯಬಾರದೇಕೆ? ಲೆಕ್ಕದಲ್ಲಿ ತೋರುವ ಲಾಭವು ರೋಗಿಗಳ ಆಯುಷ್ಯದಲ್ಲೂ ಆರೋಗ್ಯದಲ್ಲೂ ತೋರಬೇಕಾದರೆ ದೊಡ್ಡ ಪ್ರಮಾಣದ ತುಲನಾತ್ಮಕ ಪರೀಕ್ಷೆ ನಡೆಯಬೇಕು. ಈ ರೋಗದಲ್ಲಿ ಪ್ರೋಟಾನು ಎಕ್ಸ್ ಕಿರಣಕ್ಕಿಂತ ಮೇಲೆಂದು ಅಂಥ ಪರೀಕ್ಷೆಯಿಂದ ಸಿದ್ಧವಾಗಿಲ್ಲ. ಸಿದ್ಧವಾಗಿರುವುದು ಬೇರೆಯೇ ಇದೆ, ಅದರಲ್ಲಿ ಗಣನೀಯವಾದುದು ಟಾಟಾ ಸಂಸ್ಥೆಯಿಂದಲೇ ಬಂದಿದೆ. ರೋಗ ಸಾಕಷ್ಟು ಮುಂದುವರಿದಿದ್ದ 850 ಮಂದಿ ಸ್ತ್ರೀಯರಲ್ಲಿ ನಡೆಸಿ 2018ರಲ್ಲಿ ಪ್ರಕಟಿಸಿದ ಪರೀಕ್ಷೆಯು, ವಿಕಿರಣದೊಡನೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಔಷಧ ಕೊಟ್ಟರೆ ಐದು ವರ್ಷ ಬದುಕುಳಿಯುವವರ ಪ್ರಮಾಣ ಶೇಕಡಾ 46ರಿಂದ 54ಕ್ಕೆ ಏರುತ್ತದೆ ಎಂಬುದನ್ನು ತೋರಿಸಿತು. 2021ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆ ಇಲ್ಲಿಯ ವಿಷಯಕ್ಕೆ ಇನ್ನೂ ಹತ್ತಿರದ್ದು. ಶಸ್ತ್ರಚಿಕಿತ್ಸೆಯಾದ ಮೇಲೆ ವಿಕಿರಣ ಬೇಕಾದ 300 ಮಂದಿಯಲ್ಲಿ ಅರ್ಧದಷ್ಟು ಮಂದಿಗೆ ಹಳೆಯ ಕ್ರಮದಲ್ಲಿ, ಉಳಿದವರಿಗೆ ಚಿತ್ರ ತೆಗೆದು ನೋಡುತ್ತ ಕಿರಣದ ತೀವ್ರತೆಯನ್ನು ಹದಗೊಳಿಸುವ ಹೊಸ ಕ್ರಮದಲ್ಲಿ ಚಿಕಿತ್ಸೆ ಕೊಟ್ಟರು. ಮೂರು ವರ್ಷಗಳ ಅವಧಿಯಲ್ಲಿ, ಮಧ್ಯಮ ಅಥವಾ ಅದಕ್ಕಿಂತ ತೀವ್ರವಾದ ಕರುಳಿನ ತೊಂದರೆ ಹಳೆಯ ಕ್ರಮದವರಲ್ಲಿ ಶೇಕಡಾ 42ರಷ್ಟು, ಹೊಸ ಕ್ರಮದವರಲ್ಲಿ ಶೇಕಡಾ 21ರಷ್ಟು. ರೋಗ ಮರುಕಳಿಸುವುದರಲ್ಲಿ ವ್ಯತ್ಯಾಸವಿರಲಿಲ್ಲ. ಇಲ್ಲಿ ಪ್ರೋಟಾನಿನ ಗಾಳಿಯೂ ಸೋಕಿರಲಿಲ್ಲ. ಬಳಸಿದ್ದು ಎಕ್ಸ್ ಕಿರಣವನ್ನೇ. ಅದನ್ನು ಎಲ್ಲಿ, ಹೇಗೆ ಬಿಡಬೇಕೆಂದು ನೋಡಿ ಬಿಟ್ಟದ್ದರಿಂದಲೇ ಕಷ್ಟ ಅರ್ಧಕ್ಕಿಳಿಯಿತು.

ಹೊರಗಿನಿಂದ ಕೊಡುವ ವಿಕಿರಣ ಮುಗಿದ ಮೇಲೆ ಗರ್ಭಕಂಠದ ಬಳಿಯೇ ವಿಕಿರಣ ಮೂಲವನ್ನಿರಿಸಿ ಕೊಡುವ ಒಳಚಿಕಿತ್ಸೆಯೊಂದುಂಟು. ವೈದ್ಯರು ಅದನ್ನು ಬ್ರ್ಯಾಕಿಥೆರಪಿ ಎನ್ನುತ್ತಾರೆ. ಗುರಿ ಕದಲಿದರೂ ಮೂಲ ಅದರೊಡನೆಯೇ ಕದಲುವುದರಿಂದ ಈ ಹಳೆಯ ವಿದ್ಯೆಗೆ ಪ್ರೋಟಾನು ಪರ್ಯಾಯವಾಗಿಲ್ಲ. ಇದನ್ನು ಒತ್ತಿ ಹೇಳಲು ಕಾರಣವಿದೆ. ಹೊರಗಿನ ಚಿಕಿತ್ಸೆ ಮುಗಿದು ರಕ್ತಸ್ರಾವ ನಿಂತೊಡನೆ 'ಗುಣವಾಯಿತು, ಇನ್ನು ಆ ನೋವು ಯಾಕೆ' ಎಂದು ರೋಗಿಯನ್ನು ಊರಿಗೆ ಕರೆದೊಯ್ಯುವ ಕುಟುಂಬಗಳುಂಟು. ಎಲ್ಲ ಸೇರಿ ಎಂಟು ವಾರಗಳೊಳಗೆ ಚಿಕಿತ್ಸೆ ಮುಗಿಯತಕ್ಕದ್ದು. ನಡುವೆ ಬಿಟ್ಟ ದಿನಗಳು ರೋಗಕ್ಕೆ ಅನುಕೂಲ. ಪ್ರೋಟಾನಿನ ಸರದಿಗಾಗಿ ತಿಂಗಳುಗಟ್ಟಲೆ ಕಾದು ಕುಳಿತುಕೊಳ್ಳುವವರೂ ಈ ಲೆಕ್ಕವನ್ನು ಮರೆಯುತ್ತಾರೆ. ಆಸ್ಪತ್ರೆಯ ವೈದ್ಯರೇ ಒಬ್ಬಾಕೆಗೆ ಪ್ರೋಟಾನು ಸೂಕ್ತವೆಂದು ಹೇಳಿದರೆ, ಅಥವಾ ಅಧ್ಯಯನವೊಂದರಲ್ಲಿ ಸೇರಿಸಿಕೊಳ್ಳುವುದಾಗಿ ತಿಳಿಸಿದರೆ, ಒಪ್ಪುವುದು ಬೇರೆ ಮಾತು. ಅದಿಲ್ಲದೆ ಹೊಲ ಮಾರಿ ಲಕ್ಷಗಟ್ಟಲೆ ಸುರಿದು ಅದನ್ನೇ ಬೇಡುವುದಕ್ಕೆ ಇಂದಿನ ಜ್ಞಾನದಲ್ಲಿ ಆಧಾರವಿಲ್ಲ.

ಈಗ ಅರ್ಧ ಲೀಟರು ನೀರಿನ ವಿಷಯ. ಎಕ್ಸ್ ಕಿರಣವಾಗಲಿ ಪ್ರೋಟಾನಾಗಲಿ, ಗರ್ಭಕೋಶವನ್ನು ಪ್ರತಿದಿನವೂ ಆದಷ್ಟು ಒಂದೇ ಸ್ಥಿತಿಯಲ್ಲಿಡುವ ಸರಳ ಉಪಾಯವು ರೋಗಿಯ ಕೈಯಲ್ಲೇ ಇದೆ. ಮೂತ್ರ ವಿಸರ್ಜಿಸಿ, ನಿಗದಿಯಾದಷ್ಟು ನೀರನ್ನು, ಅನೇಕ ಕಡೆ ಅರ್ಧ ಲೀಟರಿನಷ್ಟನ್ನು, ಕುಡಿದು, ನಿಗದಿಯಾದಷ್ಟು ಹೊತ್ತು ತಡೆದುಕೊಂಡು, ಹೊಟ್ಟೆ ಕಟ್ಟದಂತೆ ನೋಡಿಕೊಂಡು ಮೇಜಿನ ಮೇಲೆ ಮಲಗಬೇಕು. ಪ್ರಮಾಣವೂ ಸಮಯವೂ ಆಸ್ಪತ್ರೆಯಿಂದ ಆಸ್ಪತ್ರೆಗೆ ಬೇರೆಯಾಗುವುದರಿಂದ ಅವರವರ ವೈದ್ಯರ ಮಾತೇ ಪ್ರಮಾಣ. ಕೇಳುವುದಕ್ಕೆ ಇದು ಮಕ್ಕಳ ಪಾಠದಷ್ಟು ಸುಲಭ.

ಕಲ್ಯಾಣದ ಪೂರ್ವಭಾಗದಲ್ಲಿರುವ ಒಬ್ಬ ಗೃಹಿಣಿಯನ್ನು ಕಲ್ಪಿಸಿಕೊಳ್ಳಿ. ಬೆಳಗಿನ ಅಡುಗೆ ಮುಗಿಸಿ, ಜನಸಂದಣಿಯಲ್ಲಿ ಲೋಕಲು ಹತ್ತಿ, ಠಾಣೆಯಲ್ಲಿ ಇಳಿದು ಸೇತುವೆ ಏರಿಳಿದು, ಪನ್ವೇಲ್ ಗಾಡಿ ಹಿಡಿದು ಖಾರ್ಘರದಲ್ಲಿಳಿದು, ಅಲ್ಲಿಂದ ರಿಕ್ಷಾದಲ್ಲಿ ಆಸ್ಪತ್ರೆಗೆ ಹೋಗಬೇಕು. ರಸ್ತೆಯಲ್ಲೇ ಹೋಗುವುದಾದರೆ ಶಿಳ್ ರಸ್ತೆಯ ವಾಹನಗಳ ಜಂಗುಳಿ ಎಷ್ಟು ಹೊತ್ತು ತಿನ್ನುವುದೋ ಬಲ್ಲವರಿಲ್ಲ. ಮುಂಬಯಿಯ ಲೋಕಲು ಗಾಡಿಗಳಲ್ಲಿ ಶೌಚಾಲಯವಿಲ್ಲ. ಆದಕಾರಣ ಈ ನಗರದ ಹೆಂಗಸರು ಮನೆಯಿಂದ ಹೊರಡುವ ಮುನ್ನ ನೀರು ಕುಡಿಯದಿರುವುದನ್ನು ಎಳವೆಯಿಂದಲೇ ಕಲಿತುಬಿಟ್ಟಿದ್ದಾರೆ. ಇಪ್ಪತ್ತು ವರ್ಷ ಹೀಗೆ ಬಾಯಾರಿ ಪ್ರಯಾಣ ಮಾಡಿದ ದೇಹಕ್ಕೆ ಒಂದು ದಿನ 'ನೀರು ಕುಡಿದು ತಡೆದುಕೋ' ಎಂದರೆ ಅದು ಒಮ್ಮೆಗೇ ಒಗ್ಗುವುದಿಲ್ಲ. ದಾರಿಯಲ್ಲಿ ಕುಡಿದರೆ ಆಸ್ಪತ್ರೆ ಮುಟ್ಟುವ ಮೊದಲೇ ತಡೆಯಲಾಗದು. ಕುಡಿಯದೆ ಬಂದರೆ, ಬೆವರಿ ಬತ್ತಿದ ದೇಹಕ್ಕೆ ಅಲ್ಲಿ ಕುಡಿದ ನೀರು ಮೂತ್ರಕೋಶಕ್ಕೆ ಇಳಿಯುವಷ್ಟರಲ್ಲಿ ಸರದಿ ಬಂದಿರುತ್ತದೆ. ಚಿಕಿತ್ಸೆಯ ಮೂರನೆಯ ವಾರಕ್ಕೆ ಮೂತ್ರದ ಉರಿ ಬೇರೆ ಆರಂಭವಾಗುವುದುಂಟು. ಮಳೆಗಾಲದಲ್ಲಿ ಗಾಡಿ ನಿಂತರೆ ಈ ಎಲ್ಲ ಲೆಕ್ಕವೂ ಮಳೆನೀರಿನಲ್ಲೇ ಕೊಚ್ಚಿಹೋಗುತ್ತದೆ. ಕೋಟ್ಯಂತರ ಬೆಲೆಯ ಯಂತ್ರ ಅತ್ತ ಸಿದ್ಧವಾಗಿದೆ. ಇತ್ತ ಗುರಿ ಎರಡು ಸೆಂಟಿಮೀಟರು ಕೆಳಗೆ ಕುಸಿದಿದೆ.

ಭಾಷೆಯ ತೊಡಕು ಇದಕ್ಕಿಂತ ಕಿರಿದಲ್ಲ. ವಿಜಯಪುರದಿಂದಲೋ ಕಲಬುರಗಿಯಿಂದಲೋ ಕರಾವಳಿಯಿಂದಲೋ ಮಗನ ಮನೆಗೆ ಬಂದ ತಾಯಿಗೆ ಕನ್ನಡ ಬಿಟ್ಟು, ಅಥವಾ ತುಳು ಬಿಟ್ಟು, ಬೇರೆ ಭಾಷೆ ಬಾರದು. ತಂತ್ರಜ್ಞರು ಮರಾಠಿಯಲ್ಲೋ ಹಿಂದಿಯಲ್ಲೋ ಹೇಳಿದ್ದನ್ನು ಆಕೆಗೆ ತಿಳಿಸಬೇಕಾದವನು ಮಗ, ಇಲ್ಲವೆ ಅಳಿಯ. ಮೂತ್ರ, ಮಲ, ರಕ್ತಸ್ರಾವ ಎಂಬ ಮಾತುಗಳನ್ನು ಅಮ್ಮನ ಮುಂದೆ ಮಗ ಹೇಗೆ ಆಡಿಯಾನು? ಅತ್ತೆಯ ಮುಂದೆ ಅಳಿಯ ಹೇಗೆ ಆಡಿಯಾನು? 'ಸ್ವಲ್ಪ ನೀರು ಕುಡೀಬೇಕಂತೆ ಅಮ್ಮಾ' ಎಂದಷ್ಟೇ ಹೇಳಿ ಮುಗಿಸುತ್ತಾನೆ. ಎಷ್ಟು, ಯಾವಾಗ, ಯಾತಕ್ಕೆ ಎಂಬುದು ನಾಚಿಕೆಯಲ್ಲಿ ಉಳಿದುಹೋಗುತ್ತದೆ. ತಾಯಿಯೂ ಅಷ್ಟೇ; ಮೂರು ದಿನದಿಂದ ಹೊಟ್ಟೆ ಕಟ್ಟಿದೆ ಎಂಬುದನ್ನು ಮಗನಿಗೆ ಹೇಳುವವಳಲ್ಲ. ಗುದನಾಳ ಉಬ್ಬಿ ಗರ್ಭಕಂಠವನ್ನು ಮುಂದಕ್ಕೆ ತಳ್ಳಿರುವುದು ಮೇಜಿನ ಮೇಲೆ ಚಿತ್ರ ತೆಗೆದಾಗಲೇ ಗೊತ್ತಾಗಬೇಕು. ಆಗ ಎಬ್ಬಿಸಿ ಕಳುಹಿಸುತ್ತಾರೆ, ಮತ್ತೆ ಕಾಯಬೇಕು; 'ಏನು ತಪ್ಪು ಮಾಡಿದೆನೋ' ಎಂದು ಆಕೆ ಕೊರಗುತ್ತಾಳೆ.

ಮುಂಬಯಿಯ ಕನ್ನಡಿಗರು ಹೋಟೆಲು ಹುಡುಗರಿಗಾಗಿ ರಾತ್ರಿ ಶಾಲೆಗಳನ್ನು ನಡೆಸಿದವರು; ಯಕ್ಷಗಾನ ನಾಟಕಗಳಿಗೆ ಹಣ ಕೂಡಿಸಿದವರು. ಆಸ್ಪತ್ರೆಗೆ ಧನಸಹಾಯ ಮಾಡುವ ಪದ್ಧತಿಯೂ ಅವರ ಸಂಘಗಳಿಗೆ ಹೊಸದಲ್ಲ. ಆದರೆ ಈ ರೋಗದಲ್ಲಿ ಹಣಕ್ಕಿಂತ ಮೊದಲು ಬೇಕಾದುದು ಕನ್ನಡ ಬಲ್ಲ, ತುಳು ಬಲ್ಲ ನಾಲ್ಕಾರು ಮಂದಿ ಸ್ತ್ರೀಯರು. ರೋಗಿಯ ಮನೆಗೆ ಹೋಗಿ ಒಂದು ಗಂಟೆ ಕುಳಿತು, ಮೂತ್ರಕೋಶ ತುಂಬಿದರೆ ಗರ್ಭಕೋಶ ಎಲ್ಲಿಗೆ ಹೋಗುತ್ತದೆ ಎಂಬುದನ್ನು ನೀರಿನ ಚೀಲದ ಮೇಲೆ ಬದನೆಕಾಯಿ ಇಟ್ಟಾದರೂ ತೋರಿಸಿಕೊಡುವವರು. ಖಾರ್ಘರ್ ಅಥವಾ ಬೇಲಾಪುರದ ಸುತ್ತಮುತ್ತ ಇರುವ ಕನ್ನಡ ಕುಟುಂಬಗಳು ಕಲ್ಯಾಣದ ಆಚೆಯಿಂದ ಬರುವ ರೋಗಿಗೆ ಐದು ವಾರ ಒಂದು ಕೋಣೆ ಬಿಟ್ಟುಕೊಟ್ಟರೆ, ಆ ಸಹಾಯವನ್ನು ಯಾವ ಯಂತ್ರವೂ ಮಾಡಲಾರದು. ಬೇಲಾಪುರದಿಂದ ಖಾರ್ಘರದ ಮೂಲಕ ಪೆಂಧರಿಗೆ ಹೋಗುವ ಮೆಟ್ರೋ 2023ರ ನವೆಂಬರಿನಲ್ಲಿ ಆರಂಭವಾದದ್ದರಿಂದ ಆ ಭಾಗದ ಓಡಾಟ ಈಗ ಹಿಂದಿನಷ್ಟು ಕಷ್ಟವಿಲ್ಲ. ಸತ್ಯನಾರಾಯಣ ಪೂಜೆಯ ಆಮಂತ್ರಣ ಪತ್ರ ಅಚ್ಚು ಹಾಕಿಸುವ ವೆಚ್ಚದಲ್ಲೇ ಚಿಕಿತ್ಸೆಯ ಸೂಚನೆಗಳ ಕನ್ನಡ ಹಾಳೆಯೊಂದನ್ನು, ಆಸ್ಪತ್ರೆಯವರಿಗೆ ತೋರಿಸಿ ಒಪ್ಪಿಗೆ ಪಡೆದು, ಅಚ್ಚು ಹಾಕಿಸಬಹುದು.

ಇಷ್ಟೆಲ್ಲ ಹೇಳಿಯೂ, ಈ ಚಿಕಿತ್ಸೆಯೇ ಬೇಡವಾಗುವಂತೆ ಮಾಡಬಹುದಾದ ರೋಗವಿದು ಎಂಬುದನ್ನು ಬಿಡುವಂತಿಲ್ಲ. 2022ರ ಅಂದಾಜಿನಂತೆ ಭಾರತದಲ್ಲಿ ಆ ವರ್ಷ ಸುಮಾರು 1,27,000 ಸ್ತ್ರೀಯರಿಗೆ ಗರ್ಭಕಂಠದ ಅರ್ಬುದ ತಗಲಿತು, ಸುಮಾರು 80,000 ಮಂದಿ ಅದರಿಂದ ತೀರಿಕೊಂಡರು. ಮುಂಬಯಿಯ ಕೊಳೆಗೇರಿಗಳಲ್ಲಿ ಟಾಟಾ ಸಂಸ್ಥೆಯವರು 1998ರಿಂದ ನಡೆಸಿದ ಪರೀಕ್ಷೆಯಲ್ಲಿ, ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತೆಯರು ಹುಳಿನೀರಿನಂಥ ದುರ್ಬಲ ಆಮ್ಲವನ್ನು ಸವರಿ ಗರ್ಭಕಂಠವನ್ನು ಬರಿಗಣ್ಣಿನಿಂದ ನೋಡಿದ್ದರಿಂದಲೇ ಈ ರೋಗದ ಸಾವುಗಳು ಶೇಕಡಾ 31ರಷ್ಟು ಇಳಿದವು. ಪುಣೆಯಲ್ಲೇ ತಯಾರಾಗುವ ಲಸಿಕೆಯೊಂದು 2023ರಲ್ಲಿ ಬಿಡುಗಡೆಯಾಗಿದೆ. ಸಂಘಗಳ ವಾರ್ಷಿಕ ಶಿಬಿರಗಳಲ್ಲಿ ರಕ್ತದೊತ್ತಡವನ್ನೂ ಸಕ್ಕರೆಯನ್ನೂ ಅಳೆದು ಕಳುಹಿಸುವುದು ರೂಢಿ. ಮೂವತ್ತು ದಾಟಿದ ಹೆಂಗಸರಿಗೆ ಪರದೆಯ ಹಿಂದೆ ಈ ಐದು ನಿಮಿಷದ ಪರೀಕ್ಷೆಯನ್ನೂ, ಹೆಣ್ಣು ವೈದ್ಯೆಯೊಬ್ಬರನ್ನು ಕರೆಸಿ, ಅಲ್ಲೇ ಮಾಡಿಸಲು ಸಾಧ್ಯವಿದೆ.

ಚಿಕಿತ್ಸೆ ಈಗಾಗಲೇ ಆರಂಭವಾದ ಮನೆಗಳಿಗೆ ಸದ್ಯಕ್ಕೆ ಬೇಕಾದುದು ಮೂರೇ ವಸ್ತುಗಳು: ಅಳತೆ ಗೆರೆಯಿರುವ ಒಂದು ಬಾಟಲಿ, ಒಂದು ಗಡಿಯಾರ, ಮತ್ತು ಕುಡಿದ ಹೊತ್ತನ್ನೂ ಹೊಟ್ಟೆ ಹೋದ ದಿನವನ್ನೂ ಆಕೆಯೇ ಗುರುತು ಹಾಕಿಕೊಳ್ಳಬಲ್ಲ ಒಂದು ಕ್ಯಾಲೆಂಡರು. ಅಕ್ಷರ ಬಾರದ ತಾಯಿಯಾದರೆ ಒಂದು ಗೆರೆ, ಒಂದು ಸೊನ್ನೆ ಸಾಕು. ಮೇಜಿನ ಬಳಿ ನಿಂತಿರುವ ತಂತ್ರಜ್ಞರಿಗೆ ಅದನ್ನು ಬಿಚ್ಚಿ ತೋರಿಸಿದರೆ, ಮಗ ಬಾಯಿಬಿಟ್ಟು ಹೇಳಬೇಕಾದುದು ಏನೂ ಉಳಿಯುವುದಿಲ್ಲ.